ಇರಲಿ ಬಿಡಿ

೭ನೇ ತಾರೀಕು, ಮಂಗಳವಾರ

ಬೆಳಿಗ್ಗೆ ನನ್ನ ಹೆಂಡತಿಯ ತಮ್ಮ ಬಂದಿದ್ದ. ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ದೃಷ್ಟಿ ಹಂಚುವವನು, ನಮ್ಮ ಬಾಗಿಲಿನ ಕರೆಗಂಟೆ ಮಾತ್ರ ಅವನ ಕಣ್ಣಿಗೆ ಬೀಳುವುದಿಲ್ಲ. ಧಬಧಬ ಬಡಿಯುತ್ತಾನೆ. ಒಳಗೆ ಬಂದವನು ಕುರ್ಚಿಯ ತುದಿಯಲ್ಲಿ ಕೂತು, ಸೂಟಿಗೆ ಅಳತೆ ತೆಗೆಯುವವನ ಹಾಗೆ ನನ್ನ ಹೊಟ್ಟೆಯನ್ನೇ ನೋಡಿ, "ಭಾವ, ನಿಮ್ಮ ತೂಕ ಎಷ್ಟು?" ಅಂದ.

"ತೊಂಬತ್ತೆರಡು ಕೇಜಿ. ಯಾಕೆ, ಮಾರ್ತೀಯಾ?"

ವಿಷಯ ಇಷ್ಟು. ಅವನದೊಂದು ಹಾಯಿದೋಣಿ ಇದೆ, ಹೆಸರು 'ಸಮಾಧಾನ'. ವರ್ಷಕ್ಕೊಮ್ಮೆ ಈ ತಿಂಗಳಲ್ಲಿ ಕರಾವಳಿಯುದ್ದಕ್ಕೂ ಮೂರು ದಿನದ ಪಂದ್ಯ. ದೀಪಸ್ತಂಭದ ದ್ವೀಪ ಮುಟ್ಟಿ ವಾಪಸ್ ಬರಬೇಕು. ದೋಣಿಗೆ ನಾಲ್ಕು ಜನ. ದೊಡ್ಡ ಹಾಯಿಯ ಹಗ್ಗ ಹಿಡಿಯುವ ಜಾಗದಲ್ಲಿ ಹನ್ನೊಂದು ವರ್ಷ ನನ್ನ ಹೆಂಡತಿ ಕೂತಿದ್ದಳು. ಅವಳು ತೀರಿಕೊಂಡು ಹತ್ತು ತಿಂಗಳಾಯಿತು.

"ಹನ್ನೆರಡು ಸಲ ಮುಗಿಸಿದವರ ಹೆಸರನ್ನ ಕ್ಲಬ್ಬಿನ ಹಲಗೆ ಮೇಲೆ ಬರೆಸ್ತಾರೆ ಭಾವ. ಅಕ್ಕಂದು ಹನ್ನೊಂದಕ್ಕೆ ನಿಂತಿದೆ. ತೀರಿಕೊಂಡವರ ಜಾಗದಲ್ಲಿ ಮನೆಯವರು ಯಾರಾದ್ರೂ ಹೋಗಿ ಮುಗಿಸಿದ್ರೆ ಅದು ಅವರದ್ದೇ ಅಂತ ಆಗುತ್ತೆ. ಒಂದೇ ಸಲ, ಅದೂ ವರ್ಷದೊಳಗೆ."

"ನೀನೂ ಮನೆಯವನೇ ಅಲ್ವಾ?"

"ನಾನು ಚುಕ್ಕಾಣಿ ಹಿಡೀಬೇಕಲ್ಲ. ಒಬ್ಬನೇ ಎರಡು ಕಡೆ ಕೂರಕ್ಕಾಗುತ್ತಾ? ಆಮೇಲೆ, ಗಾಳಿ ಬಂದಾಗ ಮೇಲಿನ ಅಂಚಲ್ಲಿ ಭಾರ ಇದ್ರೆ ದೋಣಿಗೆ ಒಳ್ಳೇದು."

ಅಂದರೆ ನನ್ನನ್ನು ಮೂಟೆಯ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತಿದ್ದಾರೆ. ಮೂವತ್ತೊಂದು ವರ್ಷ ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ಬಿ.ಎ., ಇಂಗ್ಲಿಷ್ ಮೇಜರ್. ಇಂಥ ತಲೆಬುಡವಿಲ್ಲದ ಪ್ರಪೋಸಲ್ಲಿಗೆ ಇಂಗ್ಲಿಷಿನಲ್ಲಿ ಒಳ್ಳೆಯ ಮಾತೊಂದಿದೆ, ಪ್ರಿಪಾಸ್ಟರಸ್. ಅದನ್ನೇ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಒಂದು ಮರದ ಹಲಗೆಗೋಸ್ಕರ ಮೂರು ದಿನ ಉಪ್ಪುನೀರು ಕುಡಿಯುವ ಜನ ಇವರು.

ಕೊನೆಗೆ ಆಗಲಿ ಅಂದೆ. ಅವನನ್ನು ಬೇಗ ಹೊರಗೆ ಕಳಿಸಬೇಕಿತ್ತು, ಅಷ್ಟೆ. ಒಲೆಯ ಮೇಲೆ ಹಾಲಿಟ್ಟಿದ್ದೆ.

ಮೊದಲೆಲ್ಲ ಇಂಥದ್ದನ್ನು ಅವಳಿಗೆ ಹೇಳಿಕೊಳ್ಳುತ್ತಿದ್ದೆ. ಅರ್ಧ ಕೇಳಿ "ಬಿಡಿ" ಅಂದು ಎದ್ದು ಹೋಗುತ್ತಿದ್ದಳು. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಪ್ರತಿಯೊಂದು ವಾದಕ್ಕೂ ಅವಳು ಕೊಟ್ಟ ಉತ್ತರ ಅದೊಂದೇ. ಈಗ ಕಾಗದಕ್ಕೆ ಹೇಳುತ್ತಿದ್ದೇನೆ. ಕಾಗದ ಬಿಡಿ ಅನ್ನುವುದಿಲ್ಲ, ಅದೊಂದು ಅನುಕೂಲ.

೧೧, ಶನಿವಾರ

ಕ್ಲಬ್ಬಿಗೆ ಹೋಗಿದ್ದೆ. ಬಿಳಿ ಚಡ್ಡಿಗೆ ಇಸ್ತ್ರಿ ಮಾಡಿಸಿಕೊಂಡು ಹಾಕುವ ಗಂಡಸರನ್ನು ಇಷ್ಟೊಂದು ಸಂಖ್ಯೆಯಲ್ಲಿ ಒಂದೇ ಕಡೆ ನಾನು ನೋಡಿರಲಿಲ್ಲ. ಯಾರ ಬಾಯಲ್ಲೂ ಗಾಳಿ ಬಿಟ್ಟು ಬೇರೆ ಮಾತಿಲ್ಲ. ಗಾಳಿ ಎಲ್ಲಿಂದ, ಎಷ್ಟು, ನಿನ್ನೆ ಎಷ್ಟಿತ್ತು, ನಾಳೆ ಹೇಗೆ. ಕೈಗೆ ಸಿಗದ ವಸ್ತುವಿನ ಬಗ್ಗೆ ಇಷ್ಟು ಗಂಟೆ ಮಾತಾಡುವವರನ್ನು ನಾನು ಕಂಡದ್ದು ಕಾಲೇಜಿನ ಫಿಲಾಸಫಿ ಡಿಪಾರ್ಟ್‌ಮೆಂಟಿನಲ್ಲಿ ಮಾತ್ರ.

ಆ ಹಲಗೆಯನ್ನೂ ನೋಡಿದೆ. ಕಂದು ಮರ, ಬಿಳಿ ಅಕ್ಷರ, ಒಂಬತ್ತು ಹೆಸರು. ಒಂಬತ್ತರಲ್ಲಿ ಎರಡು ತಪ್ಪು. ಒಂದರಲ್ಲಿ ದೀರ್ಘ ಬಿಟ್ಟಿದ್ದಾರೆ, ಇನ್ನೊಂದರಲ್ಲಿ ಮಹಾಪ್ರಾಣ ಬೇಡದ ಕಡೆ ಹೊಟ್ಟೆ ಸೀಳಿದ್ದಾರೆ. ಕಾರ್ಯದರ್ಶಿಗೆ ತೋರಿಸಿದೆ. ಮೀಸೆಯೊಂದನ್ನು ಬಿಟ್ಟರೆ ಮುಖದಲ್ಲಿ ಬೇರೇನೂ ಇಲ್ಲದ ಮನುಷ್ಯ. "ಹನ್ನೆರಡು ವರ್ಷದಿಂದ ಯಾರೂ ಹೇಳಿರಲಿಲ್ಲ" ಅಂದರು, ನಾನೇ ಹೋಗಿ ತಪ್ಪು ಬರೆದು ಬಂದ ಹಾಗೆ.

ನಿಜವಾದ ಅಧ್ವಾನ ರಿಜಿಸ್ಟರಿನಲ್ಲಿತ್ತು. 'ಸಮಾಧಾನ' ದೋಣಿಯವರ ಪಟ್ಟಿ ಬರೆಯುವವನು ನನ್ನ ಭಾವಮೈದುನ. ಹನ್ನೊಂದು ವರ್ಷವೂ ಮೂರನೆಯ ಸಾಲಿನಲ್ಲಿ ಒಂದೇ ಪದ ಬರೆದಿದ್ದಾನೆ: ಅಕ್ಕ. ಹೆಸರಿಲ್ಲ, ಇನಿಷಿಯಲ್ಲಿಲ್ಲ. ಈ ವರ್ಷ ಅದೇ ಸಾಲಿನಲ್ಲಿ 'ಭಾವ' ಅಂತಿದೆ.

"ಇದೇನೋ ಇದು? ದಾಖಲೆನಾ, ಮದುವೆ ಕರೆಯೋಲೆನಾ?"

"ಎಲ್ಲರೂ ಅಕ್ಕ ಅಂತಾನೇ ಕರೀತಿದ್ರು ಭಾವ. ಕ್ಲಬ್ಬಿಗೆಲ್ಲ ಅಕ್ಕನೇ."

ಅಲ್ಲೇ ಕೂತು ಕಾರ್ಯದರ್ಶಿಗೊಂದು ಅರ್ಜಿ ಬರೆದೆ. ಹಲಗೆಯ ಮೇಲೆ ಏನಾದರೂ ಬರೆಯುವ ಸಂದರ್ಭ ಬಂದಲ್ಲಿ ಮೃತಳ ಪೂರ್ತಿ ಹೆಸರನ್ನು ಶುದ್ಧ ರೂಪದಲ್ಲಿ ಬರೆಯತಕ್ಕದ್ದು, ಕರಡನ್ನು ನನಗೆ ತೋರಿಸತಕ್ಕದ್ದು. ಕೆಂಪು ಶಾಯಿ ಹಾಕಿದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ತಪ್ಪಾಗಿ ಹೊಡೆದುಹಾಕಿದ ಪದ ಉಳಿಯಬೇಕಾದರೆ ಅದರ ಕೆಳಗೆ ಚುಕ್ಕಿಗಳನ್ನಿಟ್ಟು, ಪಕ್ಕದ ಅಂಚಿನಲ್ಲಿ 'ಇರಲಿ' ಅಂತ ಬರೆಯುವ ಗುರುತೊಂದು ನಮ್ಮಲ್ಲಿದೆ. ಇಂಗ್ಲಿಷಿನವರು ಅದಕ್ಕೆ ಸ್ಟೆಟ್ ಅಂತಲೋ ಸ್ಟೇಟ್ ಅಂತಲೋ ಅನ್ನುತ್ತಾರೆ, ಲ್ಯಾಟಿನ್ನು. ಮೂವತ್ತೊಂದು ವರ್ಷದಲ್ಲಿ ಆ ಗುರುತು ಹಾಕಿದ್ದು ಬೆರಳಲ್ಲಿ ಎಣಿಸುವಷ್ಟು.

೧೨, ಭಾನುವಾರ

ಅಭ್ಯಾಸದ ದಿನ. ಬಲಗೈ ಊದಿಕೊಂಡಿದೆ, ಎಡಗೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ನಾಯಿ ಓಡಾಡಿದ ಹಾಗಿದೆ.

ಉಳಿದಿಬ್ಬರ ಪರಿಚಯವಾಯಿತು. ಒಬ್ಬರು ಹಲ್ಲಿನ ಡಾಕ್ಟರು, ಐವತ್ತರ ಹೆಂಗಸು, ಮುಂದಿನ ಹಾಯಿ ಅವರ ಜವಾಬ್ದಾರಿ. ನಾನು ಬಾಯಿ ತೆಗೆದಾಗಲೆಲ್ಲ ನನ್ನ ಮಾತಿಗಿಂತ ದವಡೆಯ ಮೇಲೆ ಅವರ ಗಮನ. ಇನ್ನೊಬ್ಬ ವೆಲ್ಡರ್. ಎತ್ತುವುದು, ಎಳೆಯುವುದು, ಲಂಗರು ಇಳಿಸುವುದು ಅವನ ಕೆಲಸ. ಬೆಳಗಿಂದ ಸಂಜೆಯವರೆಗೆ ಒಟ್ಟು ಎಂಟು ಪದ ಆಡಿದ, ಅದರಲ್ಲಿ ನಾಲ್ಕು 'ಹೂಂ'.

ನನ್ನ ಕೆಲಸ ಮಂಗನಿಗೂ ಕಲಿಸಬಹುದಾದದ್ದು. ಎತ್ತರದ ಅಂಚಿನಲ್ಲಿ ಕೂರಬೇಕು, ದೊಡ್ಡ ಹಾಯಿಯ ಹಗ್ಗ ಹಿಡಿದಿರಬೇಕು. ದೋಣಿ ತಿರುಗಿದಾಗ ತಲೆ ಬಗ್ಗಿಸಿಕೊಂಡು ಈ ಕಡೆಯಿಂದ ಆ ಕಡೆಗೆ ತೆವಳಬೇಕು. ಅಂಚಿನಲ್ಲಿ ಒಂದು ಕಡೆ ಬಣ್ಣ ಸವೆದು ಮರ ಕಾಣುತ್ತಿದೆ. ಅವಳು ಕೂತು ಸವೆಸಿದ ಜಾಗ. ಚಿಕ್ಕದು. ನಾನು ಎರಡೂ ಕಡೆ ಒಂದೊಂದು ಗೇಣು ಉಕ್ಕುತ್ತೇನೆ.

ಹನ್ನೊಂದು ಗಂಟೆಗೆ ಇದ್ದಕ್ಕಿದ್ದಂತೆ ಗಾಳಿ ನುಗ್ಗಿತು. ದೋಣಿ ಒಂದು ಮಗ್ಗುಲಿಗೆ ಮಲಗತೊಡಗಿತು. ನಾನು ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ಗಟ್ಟಿಯಾಗಿ ಹಿಡಿದೆ. ಹಿಂದಿನಿಂದ ಭಾವಮೈದುನ ಕೂಗಿದ, "ಬಿಡಿ ಭಾವ, ಬಿಡಿ."

ನನಗೆ ಮೈ ಉರಿಯಿತು. ಅಕ್ಕನದ್ದೇ ಧಾಟಿ. ನಿಮ್ಮ ಕೈಲಿ ಆಗಲ್ಲ, ಹೋಗಲಿ ಬಿಡಿ, ಅನ್ನುವ ಆ ಧಾಟಿ. "ಯಾಕೋ ಬಿಡಲಿ? ನನಗೂ ಆಗುತ್ತೆ" ಅಂದು ಇನ್ನೂ ಜಗ್ಗಿ ಹಿಡಿದೆ.

ಆ ಬಡ್ಡೀಮಗ ಹೇಳಿದ್ದು ಹಗ್ಗ ಬಿಡಿ ಅಂತ.

ಹಾಯಿ ನೀರು ಮುಟ್ಟಿತು. ಹಲ್ಲಿನ ಡಾಕ್ಟರು ಚೀಲ ಜಾರಿದ ಹಾಗೆ ಸದ್ದಿಲ್ಲದೆ ಸಮುದ್ರಕ್ಕೆ ಜಾರಿದರು. ವೆಲ್ಡರ್ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಹಗ್ಗ ಸಡಿಲಾದ ಕೂಡಲೇ ದೋಣಿ ಏನೂ ಆಗದ ಹಾಗೆ ನೆಟ್ಟಗೆ ನಿಂತಿತು. ಡಾಕ್ಟರನ್ನು ಎತ್ತಿ ಒಳಗೆ ಹಾಕಿಕೊಂಡೆವು. ಬಾಯಲ್ಲಿದ್ದ ನೀರು ಉಗಿದು, "ನಿಮ್ಮ ಕೆಳದವಡೆ ಎಡಗಡೆ ಒಂದು ಹುಳುಕಿದೆ. ಯಾವತ್ತಾದ್ರೂ ಬನ್ನಿ, ನಿಧಾನವಾಗಿ ಕೀಳ್ತೀನಿ" ಅಂದರು.

ದಡಕ್ಕೆ ಬಂದ ಮೇಲೆ ತೀರ್ಮಾನವಾಯಿತು. ಹಗ್ಗಕ್ಕೆ 'ಸಡಿಲಿಸಿ' ಅನ್ನಬೇಕು. ಬೇರೆ ವಿಷಯಕ್ಕೆ 'ಹೋಗಲಿ' ಅನ್ನಬೇಕು. 'ಬಿಡಿ' ಅನ್ನುವ ಪದವನ್ನು ದೋಣಿಯಲ್ಲಿ ಯಾರೂ ಎತ್ತಕೂಡದು. ಭಾಷೆಯ ದೋಷಕ್ಕೆ ನಾನು ಹೊಣೆಯಲ್ಲ, ಅದನ್ನು ಸ್ಪಷ್ಟವಾಗಿ ಹೇಳಿ ಬಂದಿದ್ದೇನೆ.

೧೩, ಸೋಮವಾರ

ಸೊಂಟ. ಬರೆಯಲಾರೆ.

೧೭, ಶುಕ್ರವಾರ

ಪಂದ್ಯದ ಮೊದಲ ದಿನ. ದ್ವೀಪಕ್ಕೆ ಹೋಗುವ ಅರ್ಧ ದಾರಿಯಲ್ಲಿರುವ ಕೊಲ್ಲಿಯಲ್ಲಿ ಲಂಗರು ಹಾಕಿದ್ದೇವೆ. ಹದಿನೇಳು ದೋಣಿ, ನಮ್ಮದು ಒಂಬತ್ತನೆಯದು.

ಹವಾಮಾನಕ್ಕೆ ಮಾನ ಮರ್ಯಾದೆ ಇಲ್ಲ. ಬೆಳಿಗ್ಗೆ ಬಿಸಿಲು, ಹತ್ತಕ್ಕೆ ಮಂಜು, ಮಧ್ಯಾಹ್ನ ಎರಡು ದಿಕ್ಕಿನಿಂದ ಮಳೆ. ಪ್ರಕೃತಿಗೆ ಮನುಷ್ಯರ ಭಾವನೆ ಆರೋಪಿಸುವುದಕ್ಕೆ ನಮ್ಮ ಪ್ರೊಫೆಸರು ಒಂದು ಹೆಸರು ಹೇಳಿಕೊಟ್ಟಿದ್ದರು, ಪ್ಯಾಥೆಟಿಕ್ ಅಂತ ಶುರುವಾಗುತ್ತದೆ. ಪ್ಯಾಥೆಟಿಕ್ ಫೆಸಿಲಿಟಿಯೋ ಏನೋ. ಮೂರು ಸಲ ವಾಂತಿ ಮಾಡಿಕೊಂಡದ್ದರಿಂದ ಎರಡನೆಯ ಪದ ನೆನಪಾಗಲಿಲ್ಲ, ಮೊದಲನೆಯದೇ ಸಾಕೆನಿಸಿತು.

ಭಾವಮೈದುನ ಚುಕ್ಕಾಣಿ ಹಿಡಿದ ಕೂಡಲೇ ಸೇನಾಪತಿಯಾಗುತ್ತಾನೆ. ದೋಣಿಗೆ ಸಮಾಧಾನ ಅಂತ ಹೆಸರಿಟ್ಟುಕೊಂಡು ಬೆಳಗಿಂದ ಗಂಟಲು ಹರಿದುಕೊಳ್ಳುತ್ತಿದ್ದಾನೆ. ಹಗ್ಗದ ವಿಷಯದಲ್ಲಿ ಮಾತ್ರ ಪಾಪ, "ಬಿ..." ಅಂದು ನಾಲಿಗೆ ಕಚ್ಚಿಕೊಂಡು "ಸಡಿಲಿಸಿ ಭಾವ" ಅನ್ನುತ್ತಾನೆ. ಅಷ್ಟರಲ್ಲಿ ಗಾಳಿ ಬಂದು ಹೋಗಿರುತ್ತದೆ.

ಡಾಕ್ಟರು ನನ್ನ ಪಕ್ಕ ಕೂತಿದ್ದಾಗ ತಾವಾಗಿಯೇ ಹೇಳಿದರು, "ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೀರಿನ ಬಣ್ಣ ನೋಡ್ತಿದ್ರು. ಒಂದು ಕಪ್ಪು ಗೆರೆ ಓಡಿ ಬರುತ್ತಲ್ಲ, ಅದು ಮುಟ್ಟೋ ಮುಂಚೆ 'ಬಿಡು, ಬಿಡು' ಅಂತ ತಮಗೆ ತಾವೇ ಹೇಳ್ಕೊಂಡು ಹಗ್ಗ ಬಿಡ್ತಿದ್ರು. ಹಿಡ್ಕೊಂಡ್ರೆ ಮುಳುಗ್ತೀವಿ ಕಣೇ, ಬಿಟ್ರೆ ಅದೇ ಎದ್ದು ನಿಲ್ಲುತ್ತೆ, ಅನ್ನೋರು."

ಮನೆಯಲ್ಲಿ ನನಗೆ ಇದನ್ನು ಯಾಕೆ ಹೇಳಿರಲಿಲ್ಲ ಅಂತ ಯೋಚಿಸಿದೆ. ನಾನು ಕೇಳಿರಲಿಲ್ಲ. ಪಂದ್ಯ ಮುಗಿಸಿ ಬಂದವಳನ್ನು ಹನ್ನೊಂದು ವರ್ಷ ಒಂದೇ ಪ್ರಶ್ನೆ ಕೇಳಿದ್ದೇನೆ, ಒದ್ದೆ ಬಟ್ಟೆ ಎಲ್ಲಿ ಹಾಕಿದೆ ಅಂತ.

ಮಧ್ಯಾಹ್ನದ ಮೇಲೆ ಮಾಡುವುದಕ್ಕೆ ಬೇರೆ ಏನೂ ಇಲ್ಲದೆ ನೀರನ್ನೇ ನೋಡುತ್ತಿದ್ದೆ. ಕಪ್ಪು ಗೆರೆ ಕಾಣುತ್ತದೆ, ನಿಜ. ಎರಡು ಸಲ ಕಂಡಿತು.

೧೮, ಶನಿವಾರ

ದ್ವೀಪ ಮುಟ್ಟಿದ್ದೇವೆ, ಎಲ್ಲರಿಗಿಂತ ಕೊನೆಗೆ. ದೀಪಸ್ತಂಭದ ಕೆಳಗೆ ಕಾವಲುಗಾರನ ಖಾಲಿ ಕೋಣೆಯಿದೆ, ಸಂಜೆ ಅದರಲ್ಲಿ ಕೂತು ಬರೆಯುತ್ತಿದ್ದೇನೆ. ಗೋಡೆಯ ಮೇಲೆ ಯಾರೋ 'ಇಲ್ಲಿ ಉಗುಳಬಾರದು' ಅಂತ ಬರೆದಿದ್ದಾರೆ. ಕಾಗುಣಿತ ಸರಿಯಿದೆ. ಆಶ್ಚರ್ಯ.

ಹತ್ತು ಗಂಟೆಗೆ ಮುಂದಿನ ಹಾಯಿ ಕೆಳಗಿನಿಂದ ಮೇಲಕ್ಕೆ, ಹಳೆ ಲುಂಗಿ ಹರಿದ ಹಾಗೆ ಪರ್ರನೆ ಹರಿಯಿತು. ಬೇರೆ ಹಾಯಿ ಇಲ್ಲ. ಇಂಥ ಪಂದ್ಯಕ್ಕೆ ಎರಡನೆಯ ಹಾಯಿ ಇಟ್ಟುಕೊಳ್ಳದೆ ಬರುವ ಮನುಷ್ಯನ ಅಂಗಡಿಯಲ್ಲಿ ನಾನು ಕನ್ನಡಕ ಮಾಡಿಸಿದ್ದೇನೆ. ಉಳಿದ ಒಂದೇ ಹಾಯಿಯಲ್ಲಿ ಕುಂಟಿಕೊಂಡು ಇಲ್ಲಿಗೆ ಬಂದೆವು. ನಾಳೆ ಸಂಜೆ ಐದರೊಳಗೆ ಎಂಜಿನ್ ಹಾಕದೆ ಬಂದರು ಮುಟ್ಟದಿದ್ದರೆ ಪಂದ್ಯ ಮುಗಿಸಿದ ಹಾಗಲ್ಲ, ಅವಳ ಹನ್ನೊಂದು ಹನ್ನೊಂದಾಗಿಯೇ ಉಳಿಯುತ್ತದೆ. ನಾಳೆಗೆ ಬಿರುಗಾಳಿಯ ಮುನ್ಸೂಚನೆ ಬೇರೆ.

ಭಾವಮೈದುನ ಕಲ್ಲಿನ ಮೇಲೆ ಕೂತು ಒದ್ದೆ ಕೂದಲು ಒರೆಸಿಕೊಂಡ. ಸೇನಾಪತಿಯ ಮುಖ ಇರಲಿಲ್ಲ. ಚಿಕ್ಕಂದಿನಲ್ಲಿ ಅವಳ ಸೆರಗು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದ ಮುಖ.

"ಎಂಜಿನ್ ಹಾಕ್ಕೊಂಡು ಹೋಗೋಣ ಭಾವ. ಬಿಡಿ. ಅಕ್ಕನೂ ಏನೂ ಅಂದ್ಕೊಳಲ್ಲ."

"ಬಿಡಿ ಅಂತ ಅನ್ನಬಾರದು ಅಂತ ಮಾತಾಗಿತ್ತು."

"ದೋಣೀಲಿ ಅಲ್ವಲ್ಲ ಈಗ."

"ಬಿಡಿ ಅಂದ ತಕ್ಷಣ ಬಿಡೋ ಮನುಷ್ಯ ನಾನಾಗಿದ್ರೆ..." ಅಂದೆ. ಮುಂದೆ ಹೇಳಲಿಲ್ಲ. ಅವನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಬರೆದಿಟ್ಟು ಮುಗಿಸುತ್ತೇನೆ.

ಅವತ್ತು ಆಸ್ಪತ್ರೆಯಲ್ಲಿ ಅವಳ ಮಂಚದ ತುದಿಗೆ ನೇತುಹಾಕಿದ್ದ ಚೀಟಿಯಲ್ಲಿ ಹೆಸರು ತಪ್ಪಿತ್ತು. ಒಂದು ಒತ್ತು ಬಿಟ್ಟುಹೋಗಿತ್ತು. ಸರಿ ಮಾಡಿಸಿಕೊಂಡು ಬರುತ್ತೇನೆ ಅಂದೆ. "ಇರಲಿ ಬಿಡಿ, ಇಲ್ಲೇ ಕೂತ್ಕೊಳಿ" ಅಂದಳು. ದಾಖಲೆ ಅಂದಮೇಲೆ ಶುದ್ಧವಾಗಿರಬೇಕು ಅಂತ ಕೆಳಗೆ ಹೋದೆ. ಕೌಂಟರಿನವನ ಜೊತೆ ಜಗಳ ಆಡಿ, ಹೊಸ ಚೀಟಿ ಬರೆಸಿ, ಮೊಹರು ಹಾಕಿಸಿಕೊಂಡು ಮೇಲೆ ಬರುವಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು. ಮಂಚದ ಸುತ್ತ ಪರದೆ ಎಳೆದಿದ್ದರು. ಕೈಯಲ್ಲಿದ್ದ ಚೀಟಿಯಲ್ಲಿ ಹೆಸರು ಸರಿಯಾಗಿತ್ತು.

ಅಷ್ಟೆ.

ಆಮೇಲೆ ಹಾಯಿ ಹೊಲಿದೆವು. ಡಾಕ್ಟರು ದೊಡ್ಡ ಸೂಜಿ ತೆಗೆದರು, ವೆಲ್ಡರ್ ದಾರಕ್ಕೆ ಮೇಣ ಸವರಿ ಕೊಟ್ಟ, ನಾನು ಬಟ್ಟೆಯ ಎರಡು ಅಂಚನ್ನು ಸೇರಿಸಿ ಹಿಡಿದುಕೊಂಡೆ. ಮೂರು ಗಂಟೆ. ಹೊಲಿಗೆ ಸೊಟ್ಟಗಿದೆ ಅಂತ ತೋರಿಸಿದೆ. "ಬಾಯೊಳಗೆ ಹೊಲಿದು ಅಭ್ಯಾಸ, ಅಲ್ಲಿ ಯಾರೂ ನೋಡಲ್ಲ" ಅಂದರು. ವೆಲ್ಡರ್ ನಕ್ಕ. ಅವನಿಗೆ ಮುಂದಿನ ಎರಡು ಹಲ್ಲಿಲ್ಲ. ಹಲ್ಲಿನ ಡಾಕ್ಟರ ಜೊತೆ ಒಂಬತ್ತು ವರ್ಷದಿಂದ ದೋಣಿಯಲ್ಲಿದ್ದಾನಂತೆ. ಎಂಥ ಜನ.

೧೯, ಭಾನುವಾರ

ಮನೆಗೆ ಬಂದೆ. ಬೆಳಗಿಂದ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಏಳಕ್ಕೆ ಹೊರಟೆವು. ಎಂಜಿನ್ ಹಾಕಲು ಯಾರೂ ಮತ್ತೆ ಹೇಳಲಿಲ್ಲ. ಹನ್ನೆರಡರವರೆಗೆ ಒಂದು ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ. ನೀರಿನ ಸೆಳೆತಕ್ಕೆ ಹಿಂದಕ್ಕೆ ಹೋಗುತ್ತಿದ್ದೆವು. ದೀಪಸ್ತಂಭ ದೂರವಾಗುವ ಬದಲು ನಮ್ಮನ್ನು ಬೀಳ್ಕೊಡಲು ಮನಸ್ಸಿಲ್ಲದ ನೆಂಟನ ಹಾಗೆ ಹತ್ತಿರ ಬರುತ್ತಿತ್ತು. ಮೂರು ದೋಣಿಯವರು ಬೇಸತ್ತು ಎಂಜಿನ್ ಹಾಕಿಕೊಂಡು ಹೊರಟುಹೋದರು. ಅದರಲ್ಲೊಬ್ಬ ಬಿಳಿ ಚಡ್ಡಿಯವ ನಮಗೆ ಕೈಬೀಸಿದ. ನಾನು ಬೀಸಲಿಲ್ಲ.

ಒಂದು ಗಂಟೆಗೆ ಪಶ್ಚಿಮದಲ್ಲಿ ಆಕಾಶ ಶಾಯಿ ಚೆಲ್ಲಿದ ಹಾಗಾಯಿತು. ಗಾಳಿ ಬಂತು, ಚೆನ್ನಾಗಿಯೇ ಬಂತು, ಹೊಲಿದ ಹಾಯಿ ಉಬ್ಬಿಕೊಂಡು ನಿಂತಿತು. ದೋಣಿ ಓಡತೊಡಗಿತು. ಎಲ್ಲರೂ ಮೇಲಿನ ಅಂಚಿನಲ್ಲಿ ಕೂತು ಅವಳ ಜಾಗವನ್ನು ಹಿಂಡಿಹಿಪ್ಪೆ ಮಾಡಿದೆವು. ಭಾವಮೈದುನನ ದೃಷ್ಟಿ ಆ ಹೊಲಿಗೆಯ ಮೇಲಿತ್ತು. ನನ್ನದು ನೀರಿನ ಮೇಲೆ.

ಕಪ್ಪು ಗೆರೆ ಕಂಡಿತು. ಶುಕ್ರವಾರದ ಗೆರೆಯಂಥದ್ದಲ್ಲ, ರಸ್ತೆಯಷ್ಟು ಅಗಲ, ಓಡುತ್ತ ಬರುತ್ತಿತ್ತು. ನನಗೆ ಗೊತ್ತು, ಬಿಡಬೇಕು. ಕೈ ತೆರೆಯಲಿಲ್ಲ. ಹನ್ನೆರಡನೆಯ ತಾರೀಕಿನ ಹಾಗೆಯೇ ಬೆರಳು ಕಚ್ಚಿಕೊಂಡು ಕೂತಿತು. ದೋಣಿ ವಾಲಿತು, ಇನ್ನೂ ವಾಲಿತು, ಅಂಚಿನಿಂದ ಜಾರಿದ ವೆಲ್ಡರ್ ಕಾಲ ಕೆಳಗೆ ನೀರಿನಲ್ಲಿ ಅರ್ಧ ಮುಳುಗಿದ್ದು ಕಾಣಿಸಿತು. ಹಿಂದಿನಿಂದ ಭಾವಮೈದುನ, ಮಾಡಿಕೊಂಡ ಒಪ್ಪಂದವನ್ನೆಲ್ಲ ಮರೆತು, ಅತ್ತಂಥ ದನಿಯಲ್ಲಿ "ಬಿಡಿ ಭಾವ, ಬಿಡಿ" ಅಂದ.

ಬಿಟ್ಟೆ.

ಹಗ್ಗ ಅಂಗೈ ಸುಟ್ಟುಕೊಂಡು ಹೋಯಿತು. ಹಾಯಿ ಗುಡುಗಿದ ಹಾಗೆ ಪಟಪಟ ಬಡಿದುಕೊಂಡಿತು. ದೋಣಿ ಎದ್ದು ನಿಂತಿತು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ, ಹಗ್ಗ ಒದ್ದೆಯಾಗಿತ್ತು, ಜಾರಿತು. ಹಾಯಿಯ ಬುಡದ ಅಡ್ಡಗೋಲು ಬೀಸಿ ಬಂದು ನನ್ನ ಕನ್ನಡಕವನ್ನು ಹಾರಿಸಿಕೊಂಡು ಹೋಯಿತು. ಆದ್ದರಿಂದಲೇ ಕಣ್ಣಲ್ಲಿ ಒಂದೇ ಸಮ ನೀರು. ಉಪ್ಪುಗಾಳಿ ಕನ್ನಡಕವಿಲ್ಲದವರ ಕಣ್ಣಿಗೆ ಒಳ್ಳೆಯದಲ್ಲ. ವೆಲ್ಡರ್ ತನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹಿಂಡಿ ಕೊಟ್ಟ. ಗ್ರೀಸಿನ ವಾಸನೆ. ಒರೆಸಿಕೊಂಡೆ.

ಆಮೇಲೆ ಇನ್ನೂ ಏಳು ಸಲ ಗೆರೆ ಬಂತು. ಕನ್ನಡಕವಿಲ್ಲದೆಯೂ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಏಳು ಸಲವೂ ಬಿಟ್ಟೆ, ಮತ್ತೆ ಎಳೆದುಕೊಂಡೆ. ಭಾವಮೈದುನ ಕಿರುಚುವುದನ್ನು ನಿಲ್ಲಿಸಿದ್ದ. ಯಾವಾಗ ನಿಲ್ಲಿಸಿದನೋ ಗಮನಿಸಲಿಲ್ಲ.

ನಾಲ್ಕು ಹತ್ತಕ್ಕೆ ಬಂದರು ಮುಟ್ಟಿದೆವು. ಹದಿನಾಲ್ಕನೆಯ ಸ್ಥಾನ. ಮುಗಿಸಿದ್ದು ಹದಿನಾಲ್ಕೇ ದೋಣಿ. ಕಾರ್ಯದರ್ಶಿ ಗಡಿಯಾರ ನೋಡಿ ರಿಜಿಸ್ಟರಿನಲ್ಲಿ ಸಮಯ ಬರೆದುಕೊಂಡರು. 'ಭಾವ' ಅಂತಿದ್ದ ಸಾಲಿನ ಮುಂದೆ ಹನ್ನೆರಡು ಅಂತ ಹಾಕಿದರು. ನಾನು ಏನೂ ತಿದ್ದಲಿಲ್ಲ. ಕನ್ನಡಕ ಇರಲಿಲ್ಲವಲ್ಲ.

೨೦, ಸೋಮವಾರ

ಮಲಗಿದ್ದೆ. ಒದ್ದೆ ಬಟ್ಟೆ ಎಲ್ಲಿ ಹಾಕಿದೆ ಅಂತ ನೆನಪಿಲ್ಲ. ಇಡೀ ಮನೆ ಸಮುದ್ರದ ವಾಸನೆ. ಮೂರು ದಿನ ಹೀಗೇ ಇರುತ್ತಿತ್ತು, ಪ್ರತಿ ವರ್ಷ.

೨೫, ಶನಿವಾರ

ಭಾವಮೈದುನ ಹೊಸ ಕನ್ನಡಕ ತಂದುಕೊಟ್ಟ. ಈ ಸಲ ಕರೆಗಂಟೆ ಒತ್ತಿದ, ಅದೂ ನಾಲ್ಕು ಸಲ. "ಕರಡು ನೋಡಕ್ಕೆ ಕರೀತಿದ್ದಾರೆ ಭಾವ. ನೀವು ಅರ್ಜಿ ಕೊಟ್ಟಿದ್ರಲ್ಲ." ಹೊಸ ಕನ್ನಡಕ ಮೂಗಿನ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಹೇಳಲು ಬಾಯಿ ತೆರೆದೆ, ಅವನ ಮುಖ ನೋಡಿ ಚಪ್ಪಲಿ ಹಾಕಿಕೊಂಡೆ.

ಕ್ಲಬ್ಬಿನಲ್ಲಿ ಅದೇ ಚಡ್ಡಿಗಳು, ಅದೇ ಗಾಳಿಯ ಮಾತು. ಒಬ್ಬ ಬಂದು ಭಾನುವಾರದ ಗಾಳಿ ನೈಋತ್ಯದ್ದು ಅಂದ. ಪಶ್ಚಿಮದ್ದು ಅಂತ ಅರ್ಧ ಗಂಟೆ ಅವನಿಗೆ ತಿಳಿಹೇಳಬೇಕಾಯಿತು. ಅಜ್ಞಾನಿ.

ಬೋರ್ಡ್ ಬರೆಯುವವನು ಏಣಿ ಹಾಕಿಕೊಂಡು ಸಿದ್ಧನಾಗಿದ್ದ. ಕಾರ್ಯದರ್ಶಿ ಒಂದು ಹಾಳೆ ಕೊಟ್ಟರು. ರಿಜಿಸ್ಟರಿನಿಂದ ಇಳಿಸಿಕೊಂಡ 'ಅಕ್ಕ' ಅನ್ನುವ ಪದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಹೊಡೆದು, ಮೇಲೆ ಜಾಗ ಬಿಟ್ಟಿದ್ದರು.

"ನೀವು ಹೇಳಿದ್ದು ಸರಿ ಸಾರ್. ದಾಖಲೆ ಅಂದಮೇಲೆ ಶುದ್ಧವಾಗಿರಬೇಕು. ಪೂರ್ತಿ ಹೆಸರು, ಇನಿಷಿಯಲ್ ಸಮೇತ ನೀವೇ ಬರೆದುಬಿಡಿ."

ಪೆನ್ನು ತೆಗೆದುಕೊಂಡೆ. ಡಾಕ್ಟರು, ವೆಲ್ಡರ್, ಭಾವಮೈದುನ ಗೋಡೆಗೆ ಒರಗಿ ನಿಂತಿದ್ದರು. ಅವಳ ಹೆಸರಿನ ಒತ್ತು ಎಲ್ಲಿ ಬರಬೇಕು ಅಂತ ನನಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಕೆಂಪು ಗೆರೆ ಎಳೆದಿದ್ದ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟೆ. ಅಂಚಿನಲ್ಲಿ 'ಇರಲಿ' ಅಂತ ಬರೆದೆ.

ಬೋರ್ಡಿನವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದೇನ್ ಸಾರ್, ಚುಕ್ಕಿನೂ ಬರೀಬೇಕಾ?"

"ಚುಕ್ಕಿ ಬೇಡಪ್ಪ. ಮೇಲಿರೋದನ್ನ ಬರಿ."

"ಇಷ್ಟೇನಾ? ಎರಡಕ್ಷರ?"

"ಎರಡೇ."

ಬರೆದ. ಎರಡಕ್ಷರಕ್ಕೆ ಕಾಲು ಗಂಟೆ ತೆಗೆದುಕೊಂಡ, ಸೋಮಾರಿ. ಕ ಒತ್ತು ಸ್ವಲ್ಪ ಎಡಕ್ಕೆ ವಾಲಿದೆ. ಏಣಿಯಿಂದ ಇಳಿಯುವ ಮೊದಲೇ ನನ್ನ ಕಣ್ಣಿಗೆ ಬಿತ್ತು. ಬಣ್ಣ ಆರುವವರೆಗೆ ಅಲ್ಲೇ ನಿಂತು ನೋಡುತ್ತಿದ್ದೆ. ಹೇಳಲಿಲ್ಲ.